ದೋಣಿಗೆ ಹಚ್ಚುವ ಅಂಟು ಕೈಗೆ ಹತ್ತದಿರಲಿ

ಜಮಖಂಡಿ, ರಬಕವಿ-ಬನಹಟ್ಟಿ ಭಾಗದಲ್ಲಿ ಕೃಷ್ಣೆ, ಮುಧೋಳದಲ್ಲಿ ಘಟಪ್ರಭೆ, ಬೀಳಗಿ ಕಡೆಗೆ ಆಲಮಟ್ಟಿಯ ಹಿನ್ನೀರು. ನಮ್ಮ ಹೊಳೆಸಾಲಿನ ಊರುಗಳಿಗೆ ದೋಣಿ ಹೊಸದೇನಲ್ಲ. ಹರಿಗೋಲಿಗೆ ಡಾಂಬರು ಬಳಿದು ನೀರು ತಡೆಯುವುದು ಹಳೆಯ ಪದ್ಧತಿ. ಕಟ್ಟಿಗೆಯ ದೋಣಿಗಳಲ್ಲಿ ಹಲಗೆ ಜೋಡಿಸಲು, ಸಂದು ಮುಚ್ಚಲು ಎಪಾಕ್ಸಿ ಎಂಬ ಅಂಟನ್ನೂ ಬಳಸುತ್ತಾರೆ. ಮುರಿದ ಕುರ್ಚಿ ಜೋಡಿಸಲು ನೀವು ತರುವ ಎರಡು ಟ್ಯೂಬಿನ ಅರಾಲ್ಡೈಟ್ ಕೂಡ ಇದೇ ಜಾತಿಯದು.

ಇದು ಕೆಲಸ ಮಾಡುವ ಬಗೆ

ಒಂದು ಡಬ್ಬಿಯಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಎರಡೂ ಸೇರಿದಾಗ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ಪೂರ್ತಿ ಗಟ್ಟಿಯಾದ ಅಂಟು ಚರ್ಮಕ್ಕೆ ಹೆಚ್ಚಿನ ತೊಂದರೆ ಕೊಡುವುದಿಲ್ಲ. ಅಪಾಯವಿರುವುದು ಹಸಿ ಅಂಟಿನಲ್ಲಿ.

ಅಲರ್ಜಿ ಹೇಗೆ?

ಮೊದಲ ಸಲ ಅಂಟು ಕೈಗೆ ಹತ್ತಿದಾಗ ಏನೂ ಆಗದಿರಬಹುದು. ಹೀಗಾಗಿಯೇ ಅನೇಕರು ಅಲಕ್ಷ್ಯ ಮಾಡುತ್ತಾರೆ. ಆದರೆ ಕೆಲವು ವಾರ, ತಿಂಗಳು ಅಥವಾ ವರ್ಷಗಳ ನಂತರ ಶರೀರ ಆ ರಾಳವನ್ನು ವೈರಿಯೆಂದು ಗುರುತಿಸತೊಡಗುತ್ತದೆ. ಬಳಿಕ ತುಸು ತಾಗಿದರೂ ಒಂದೆರಡು ದಿನಗಳಲ್ಲಿ ಬೆರಳ ಸಂದಿ, ಮುಂಗೈ, ಕಣ್ಣಿನ ರೆಪ್ಪೆಗಳಲ್ಲಿ ಕೆಂಪು, ತುರಿಕೆ, ನೀರುಗುಳ್ಳೆ ಕಾಣಿಸುತ್ತವೆ. ಈ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಬಡಗಿಗೆ ಇದು ಬರೀ ತುರಿಕೆಯಲ್ಲ, ಅನ್ನದ ಪ್ರಶ್ನೆ.

ಮುನ್ನೆಚ್ಚರಿಕೆಗಳು

1. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ತೆಳು ರಬ್ಬರ್ ಕೈಗವಸಿನ ಮೂಲಕ ರಾಳ ಒಳಗಿಳಿಯುತ್ತದೆ. ಅಂಟು ಮೆತ್ತಿದ ಕೈಗವಸನ್ನು ಕೂಡಲೇ ಬದಲಿಸಿ.

2. ಕೈಗೆ ಹತ್ತಿದರೆ ಒಣ ಬಟ್ಟೆಯಿಂದ ಒರೆಸಿ, ಸಾಬೂನು-ನೀರಿನಿಂದ ತೊಳೆಯಿರಿ. ಥಿನ್ನರ್ ಬೇಡ, ಅದು ಚರ್ಮದ ಜಿಡ್ಡು ತೆಗೆದು ರಾಳಕ್ಕೆ ದಾರಿ ಮಾಡಿಕೊಡುತ್ತದೆ.

3. ಹಾರ್ಡನರ್ ಕಣ್ಣಿಗೆ ಸಿಡಿದರೆ ಕಣ್ಣು ಸುಡಬಹುದು. ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ ತೊಳೆದು, ತಕ್ಷಣ ನೇತ್ರ ವೈದ್ಯರಲ್ಲಿಗೆ ಹೋಗಿ.

4. ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಬೆರೆಸಿ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಹಾಕಿದರೆ ಅಂಟು ದುರ್ಬಲವಾಗುತ್ತದೆ, ಹಸಿ ಅಂಶವೂ ಉಳಿಯುತ್ತದೆ.

5. ನಮ್ಮ ಬೇಸಿಗೆಯಲ್ಲಿ ಅಂಟು ಬೇಗ ಬಿಗಿಯುತ್ತದೆ. ಒಂದೇ ಡಬ್ಬಿಯಲ್ಲಿ ಹೆಚ್ಚು ಕಲಸಿಟ್ಟರೆ ಕಾದು ಹೊಗೆಯಾಡುತ್ತದೆ. ಸ್ವಲ್ಪ ಸ್ವಲ್ಪವೇ, ಅಗಲವಾದ ತಟ್ಟೆಯಲ್ಲಿ, ಗಾಳಿಯಾಡುವ ಕಡೆ ಕಲಸಿ.

6. ಮುಟ್ಟಲು ಗಟ್ಟಿಯೆನಿಸಿದರೂ ಅಂಟು ಪೂರ್ತಿ ಬಲಿಯಲು ಹಲವು ದಿನ ಬೇಕು. ಅವಸರದಿಂದ ಉಜ್ಜಿದರೆ ಏಳುವ ಧೂಳಿನಲ್ಲೂ ಹಸಿ ರಾಳವಿರುತ್ತದೆ. ಉಜ್ಜುವಾಗ ಧೂಳು ತಡೆಯುವ ಮುಖವಾಡ ಇರಲಿ.

7. ಕೆಲಸದ ಅಂಗಿಯನ್ನು ಮನೆಯ ಬಟ್ಟೆಗಳೊಂದಿಗೆ ಒಗೆಯಬೇಡಿ. ಮಕ್ಕಳನ್ನು ಅಂಟಿನ ಹತ್ತಿರ ಬಿಡಬೇಡಿ.

ದೋಣಿಯೂ ಬಾಳಬೇಕಲ್ಲ! ನೀರಿನಿಂದ ತೆಗೆದ ಹಲಗೆಯನ್ನು ಚೆನ್ನಾಗಿ ಒಣಗಿಸಿಯೇ ಅಂಟು ಹಚ್ಚಬೇಕು. ಹಸಿ ಕಟ್ಟಿಗೆಗೆ ಅದು ಸರಿಯಾಗಿ ಹಿಡಿಯುವುದಿಲ್ಲ. ಬಿಸಿಲು ಎಪಾಕ್ಸಿಯನ್ನು ಕೆಡಿಸುವುದರಿಂದ ಮೇಲೆ ಬಣ್ಣ ಬಳಿಯುವುದು ಅಗತ್ಯ.

ವೈದ್ಯರಿಗೆ ಏನು ಹೇಳಬೇಕು?

ಇಂಥ ತುರಿಕೆಯನ್ನು ಗಜಕರ್ಣವೆಂದು ಭಾವಿಸಿ ಅಂಗಡಿಯಿಂದ ಮುಲಾಮು ತಂದು ಹಚ್ಚುವವರಿದ್ದಾರೆ. ಅದರಿಂದ ದಿನಗಳು ಕಳೆಯುತ್ತವೆಯೇ ಹೊರತು ಕಾರಣ ಹೋಗುವುದಿಲ್ಲ. ನಿಮ್ಮ ಕಸುಬು ಯಾವುದು, ಯಾವ ಅಂಟು ಬಳಸುತ್ತೀರಿ ಎಂಬುದನ್ನು ವೈದ್ಯರಿಗೆ ತಿಳಿಸಿ. ಸಾಧ್ಯವಾದರೆ ಡಬ್ಬಿಯ ಚೀಟಿ ತೋರಿಸಿ. ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪರೀಕ್ಷೆಯಿಂದ ಚರ್ಮರೋಗ ತಜ್ಞರು ಕಾರಣವನ್ನು ಪತ್ತೆ ಹಚ್ಚಬಲ್ಲರು. ಔಷಧಿ ಗುಳ್ಳೆಗಳನ್ನು ಆರಿಸೀತು, ಅಲರ್ಜಿಯನ್ನು ಅಳಿಸಲಾರದು. ಆದ್ದರಿಂದ ಮೊದಲ ದಿನದಿಂದಲೇ ಕೈಗವಸು ಹಾಕಿಕೊಳ್ಳುವುದು ಜಾಣತನ.