ರೋಗದ ಹೆಸರು ಆಮೇಲೆ, ಮೊದಲು ತೊಂದರೆ ಹೇಳಿ

ಪ್ರಶ್ನೆ: ನನಗೆ 27 ವರ್ಷ. ಊರು ಹುಬ್ಬಳ್ಳಿ. ನಾಲ್ಕು ವರ್ಷದಿಂದ ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ಪಿ.ಜಿ.ಯಲ್ಲಿ ವಾಸ. ಆರೇಳು ತಿಂಗಳಿಂದ ಕೆಲಸದ ಮೇಲೆ ಗಮನ ನಿಲ್ಲುತ್ತಿಲ್ಲ. ಮೀಟಿಂಗಿನಲ್ಲಿ ಹೇಳಿದ್ದು ಅಲ್ಲೇ ಮರೆಯುತ್ತದೆ. ರಾತ್ರಿ ಎರಡಾದರೂ ನಿದ್ದೆ ಇಲ್ಲ. ರೀಲ್ಸ್ ನೋಡಿ ಆನ್‌ಲೈನ್ ಟೆಸ್ಟ್ ಮಾಡಿಕೊಂಡೆ, ಎಡಿಎಚ್‌ಡಿ ಎಂದು ಬಂತು. ನಿದ್ದೆಗೆಂದು ರೂಮ್‌ಮೇಟ್ ಕೊಟ್ಟ ಆಲ್ಪ್ರಜೋಲಾಂ ಆಗಾಗ ನುಂಗುತ್ತೇನೆ. ಎಡಿಎಚ್‌ಡಿಗೆ ಯಾವ ಮಾತ್ರೆ ಒಳ್ಳೆಯದು?
– ಹೆಸರು ಬೇಡ, ಪುಣೆ

ಉತ್ತರ: ನೀವು ಬರೆದ ತೊಂದರೆಗಳನ್ನೆಲ್ಲ ನಂಬುತ್ತೇನೆ. ಅವಕ್ಕೆ ನೀವಿಟ್ಟ ಹೆಸರನ್ನು ಮಾತ್ರ ಸದ್ಯಕ್ಕೆ ಪಕ್ಕಕ್ಕಿಡೋಣ.

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ, 27ನೇ ವಯಸ್ಸಿನಲ್ಲಿ ಹೊಸದಾಗಿ ಹುಟ್ಟುವುದಿಲ್ಲ. 12 ವರ್ಷಕ್ಕೆ ಮೊದಲೇ ಅದರ ಲಕ್ಷಣಗಳು ಕಂಡಿರಬೇಕು. ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿ: ಶಾಲೆಯಲ್ಲಿ ದಿನಾ ಏನಾದರೂ ಕಳೆದುಕೊಂಡು ಬರುತ್ತಿದ್ದಿರಾ? ಮೇಷ್ಟ್ರ ದೂರು ಬರುತ್ತಿತ್ತಾ? 'ಇಲ್ಲ, ಈಗ ಆರು ತಿಂಗಳಿಂದ ಹೀಗಾಗಿದ್ದಾನೆ' ಎಂದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ನಿದ್ದೆಗೆಟ್ಟ ಯಾರಿಗಾದರೂ ಗಮನ ನಿಲ್ಲುವುದಿಲ್ಲ. ಖಿನ್ನತೆ, ಆತಂಕ, ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆ, ಇವೆಲ್ಲ ಹೊರಗಿನಿಂದ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ರಕ್ತ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಕಾಯಿಲೆಗೆ ಮನಸ್ಸಿನ ಮಾತ್ರೆ ನುಂಗಿ ಕೂತರೆ ತಿಂಗಳುಗಳು ಹಾಳು.

ಆನ್‌ಲೈನ್ ಟೆಸ್ಟ್ ಸುಳ್ಳು ಎನ್ನುವುದಿಲ್ಲ. ಅದು ಜರಡಿ, ತಕ್ಕಡಿಯಲ್ಲ. ಖಿನ್ನತೆಗೆ ನಾವೂ ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇದೆ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿಯಾಗಿ ಪರೀಕ್ಷಿಸಬೇಕು ಎಂದಷ್ಟೇ ಅರ್ಥ. ಮನೆಯಲ್ಲಿ ಸಾವಾದವರಿಗೂ, ರಾತ್ರಿ ಪಾಳಿಯಲ್ಲಿ ಬೆಂದವರಿಗೂ ಅಂಕ ಏರುತ್ತದೆ.

ತಪ್ಪು ಹೆಸರಿನ ಬೆನ್ನಿಗೇ ತಪ್ಪು ಔಷಧಿ ಬರುತ್ತದೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎದೆಬಡಿತ ಹೆಚ್ಚಿಸಬಹುದು, ಇರುವ ನಿದ್ದೆಯನ್ನೂ ಕೆಡಿಸಬಹುದು. ಬೈಪೋಲಾರ್ ಇರುವವರು ಬರೀ ಖಿನ್ನತೆ ಎಂದುಕೊಂಡು ಖಿನ್ನತೆಯ ಮಾತ್ರೆಯನ್ನಷ್ಟೇ ತೆಗೆದುಕೊಂಡರೆ ಮನಸ್ಸು ಉನ್ಮಾದದ ಕಡೆ ಜಿಗಿಯಬಹುದು. ರೂಮ್‌ಮೇಟ್ ಕೊಟ್ಟ ಆಲ್ಪ್ರಜೋಲಾಂ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿ. ಅಂಥದ್ದನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದಕ್ಕೆ ಅಂಗಡಿಯವರು ಪ್ರತ್ಯೇಕ ಲೆಕ್ಕ ಇಡಬೇಕು. ಅದು ಚಟವಾಗುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ಕುತ್ತು. ದಿನವೂ ತೆಗೆದುಕೊಳ್ಳುವ ಅಭ್ಯಾಸ ಆಗಿಬಿಟ್ಟಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ ಇಳಿಸುತ್ತ ಬನ್ನಿ.

ಈಗ ಮಾಡಬೇಕಾದದ್ದು: ಒಂದು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ಕಾಫಿ-ಚಹಾ ಎಷ್ಟು, ಮನಸ್ಸು ಯಾವಾಗ ಕುಸಿಯಿತು ಎಂದು ಬರೆದಿಡಿ. ಇಂಗ್ಲಿಷ್ ಪದಗಳನ್ನು ಹುಡುಕಬೇಡಿ. 'ಎದಿ ಢವಢವ ಅಂತದ', 'ಯಾತಕ್ಕೂ ಮನಸಿಲ್ಲ' ಎಂದು ನಿಮ್ಮ ಹುಬ್ಬಳ್ಳಿ ಮಾತಿನಲ್ಲೇ ಬರೆಯಿರಿ. 'ಐ ಹ್ಯಾವ್ ಎಡಿಎಚ್‌ಡಿ' ಎಂಬ ವಾಕ್ಯಕ್ಕಿಂತ ಆ ಚೀಟಿ ವೈದ್ಯರಿಗೆ ಹೆಚ್ಚು ಹೇಳುತ್ತದೆ. ಪುಣೆ ಸ್ಟೇಷನ್ ಹತ್ತಿರದ ಸರ್ಕಾರಿ ಸಸೂನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮರಾಠಿಯಲ್ಲಿ ಮನಸ್ಸು ಬಿಚ್ಚಲಾಗದಿದ್ದರೆ ಮೊದಲು ಟೆಲಿ ಮಾನಸ್‌ಗೆ ಕರೆ ಮಾಡಿ: 14416. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸೇವೆ, ದಿನದ 24 ಗಂಟೆಯೂ ಉಚಿತ. ಕನ್ನಡವೂ ಇದೆ.

ಪ್ರಶ್ನೆ: ಮಗಳು ಪುಣೆಯಲ್ಲಿ ಓದುತ್ತಿದ್ದಾಳೆ. ಯಾರೋ ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನುತ್ತಾಳೆ, ಬಾಗಿಲು ಹಾಕಿಕೊಂಡು ಕೂರುತ್ತಾಳೆ. ಕೇಳಿದರೆ 'ನನಗೇನೂ ಆಗಿಲ್ಲ' ಎಂದು ರೇಗುತ್ತಾಳೆ. ನಮ್ಮ ಯಜಮಾನರು 'ಓದೋಕೆ ಸೋಮಾರಿತನ, ಎಲ್ಲಾ ನಾಟಕ' ಎನ್ನುತ್ತಾರೆ.
– ಒಬ್ಬ ತಾಯಿ, ಬೆಳಗಾವಿ

ಉತ್ತರ: ಅಮ್ಮಾ, ಮೇಲಿನ ಹುಡುಗ ತನಗೆ ಕಾಯಿಲೆ ಇದೆ ಎಂದು ತೀರ್ಮಾನಿಸಿದ, ನಿಮ್ಮ ಮನೆಯಲ್ಲಿ ಇಬ್ಬರು ಕಾಯಿಲೆಯೇ ಇಲ್ಲ ಎಂದು ತೀರ್ಮಾನಿಸಿದ್ದಾರೆ. ಎರಡೂ ಪರೀಕ್ಷೆಯಿಲ್ಲದೆ ಬರೆದ ಚೀಟಿಗಳೇ. ಸ್ಕಿಜೋಫ್ರೇನಿಯಾದಂಥ ಕೆಲವು ಕಾಯಿಲೆಗಳಲ್ಲಿ ತನಗೆ ಕಾಯಿಲೆ ಇದೆ ಎಂಬ ಅರಿವೇ ಮಂಕಾಗುತ್ತದೆ. ಮೊದಲು ಗುರುತಿಸುವವರು ಮನೆಯವರು. ಪುಣೆಯ ಸುಮಿತ್ರಾ ಭಾವೆ ಮತ್ತು ಸುನೀಲ್ ಸುಕಥನಕರ್ ಮಾಡಿದ 'ದೇವರಾಯಿ' (2004) ಎಂಬ ಮರಾಠಿ ಸಿನಿಮಾ ಇಂಥ ಒಂದು ಮನೆಯದೇ ಕಥೆ. ಬೆಳಗಾವಿಯವರಿಗೆ ಮರಾಠಿ ತೊಡಕಾಗದು, ಯಜಮಾನರ ಜೊತೆ ಕೂತು ನೋಡಿ.

ನಾನೂ ಇಲ್ಲಿಂದಲೇ ಮಗಳ ಕಾಯಿಲೆಗೆ ಹೆಸರಿಡುವುದಿಲ್ಲ. ಇಟ್ಟರೆ ನಾನೂ ಅದೇ ತಪ್ಪು ಮಾಡಿದ ಹಾಗೆ. 'ಯಾರೂ ಮಾತಾಡ್ತಿಲ್ಲ, ಎಲ್ಲ ನಿನ್ನ ಭ್ರಮೆ' ಎಂದು ವಾದಕ್ಕಿಳಿಯಬೇಡಿ. 'ನಿದ್ದೆ ಸರಿಯಿಲ್ಲ, ಡಾಕ್ಟರಿಗೆ ತೋರಿಸೋಣ' ಎಂದರೆ ಒಪ್ಪುವ ಸಾಧ್ಯತೆ ಹೆಚ್ಚು. ಈ ವಾರವೇ ಪುಣೆಗೆ ಹೋಗಿ ಅವಳ ಜೊತೆ ಎರಡು ದಿನ ಇರಿ. ಸಾಯುವ ಮಾತಾಡಿದರೆ, ಊಟ ಬಿಟ್ಟರೆ, ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಯಜಮಾನರೂ ಬರಲಿ. ನಾಟಕವೋ ಅಲ್ಲವೋ ಎಂದು ಅವರೇ ಮನೋವೈದ್ಯರನ್ನು ಕೇಳಲಿ.