ಶಾಲೆಯಲ್ಲಿ ಕಣ್ಣುಬೇನೆ: ಗುರುತಿಸುವ, ತಡೆಯುವ ಕ್ರಮ

ಮದ್ರಾಸ್ ಐ ಎಂದು ಜನ ಕರೆಯುವ ಕಣ್ಣುಬೇನೆಯು ತರಗತಿಗಳಲ್ಲಿ ಎಷ್ಟು ಬೇಗ ಹಬ್ಬಬಲ್ಲದು ಎಂಬುದು 2023ರ ಮಳೆಗಾಲದಲ್ಲಿ ರಾಜ್ಯದ ಅನುಭವಕ್ಕೆ ಬಂದಿರುವುದರಿಂದ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶಾಲೆಗಳೂ ಪೋಷಕರೂ ಇದರ ಲಕ್ಷಣಗಳನ್ನು ಮೊದಲೇ ತಿಳಿದಿರುವುದು ಒಳಿತು. ಕಣ್ಣಿನ ಬಿಳಿಭಾಗವನ್ನೂ ರೆಪ್ಪೆಯ ಒಳಮೈಯನ್ನೂ ಹೊದ್ದಿರುವ ತೆಳುಪೊರೆಯ ಉರಿಯೂತವೇ ಈ ಬೇನೆ.

ಮೊದಲು ಬೇನೆಯ ಬಗೆಯನ್ನು ಗಮನಿಸಬೇಕು. ಕಣ್ಣು ಕೆಂಪಾಗಿ, ನೀರು ಸುರಿದು, ಮರಳು ಬಿದ್ದಂತೆ ಚುಚ್ಚುತ್ತ, ಒಂದು ಕಣ್ಣಿನಿಂದ ಮತ್ತೊಂದಕ್ಕೆ ಹಬ್ಬಿದರೆ ಅದು ಬಹುಮಟ್ಟಿಗೆ ವೈರಾಣುವಿನದು. ಹಳದಿ ಗೀಜು ಕಟ್ಟಿ ಬೆಳಿಗ್ಗೆ ರೆಪ್ಪೆಗಳು ಅಂಟಿಕೊಂಡಿದ್ದರೆ ಬ್ಯಾಕ್ಟೀರಿಯಾ ಕಾರಣವಿರಬಹುದು. ತುರಿಕೆಯೇ ಪ್ರಧಾನವಾಗಿದ್ದರೆ ಅದು ಅಲರ್ಜಿಯಾಗಿರಬಹುದು, ಅಲರ್ಜಿ ಅಂಟುವುದಿಲ್ಲ. ಬೇನೆ ಬಂದವರ ಕಣ್ಣನ್ನು ನೋಡಿದ ಮಾತ್ರಕ್ಕೆ ಸೋಂಕು ತಗಲುವುದೂ ಇಲ್ಲ. ಅದು ಕೈ, ಟವೆಲ್, ದಿಂಬು, ಕಾಡಿಗೆಗಳ ಮೂಲಕ ದಾಟುತ್ತದೆ.

ಸೋಂಕಿನ ಶಂಕೆಯಿರುವ ಮಗುವನ್ನು ಗದರದೆ ಮನೆಗೆ ಕಳುಹಿಸಿ, ನೀರು ಮತ್ತು ಗೀಜು ಪೂರ್ಣ ನಿಲ್ಲುವವರೆಗೆ, ಇಲ್ಲವೇ ವೈದ್ಯರು ಹೇಳುವವರೆಗೆ, ರಜೆ ಕೊಡಬೇಕು. ಹಾಜರಾತಿಯ ಚಿಂತೆಯಿಂದ ಒಂದು ಮಗುವನ್ನು ಬೇಗ ಕರೆಸಿಕೊಂಡರೆ ಇಡೀ ತರಗತಿಯೇ ಹಾಸಿಗೆ ಹಿಡಿಯಬಹುದು. ಮನೆಯಲ್ಲಿ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುಭ್ರ ಹತ್ತಿಯಿಂದ ಮೂಗಿನ ಕಡೆಯಿಂದ ಹೊರಮೂಲೆಗೆ ಒಮ್ಮೆ ಒರೆಸಿ, ಆ ಹತ್ತಿಯನ್ನು ಎಸೆದು, ಇನ್ನೊಂದು ಕಣ್ಣಿಗೆ ಹೊಸದನ್ನು ಬಳಸಿ, ಕೊನೆಗೆ ಸೋಪಿನಿಂದ ಕೈ ತೊಳೆಯಬೇಕು.

ಶಾಲೆಯಲ್ಲಿ ಬಿಸಿಯೂಟದ ಹೊತ್ತು ವಿಶೇಷ ಎಚ್ಚರಿಕೆ ಅಗತ್ಯ. ನೀರಿಗೆ ತತ್ವಾರವಿರುವ ಈ ಭಾಗದಲ್ಲಿ ಮಕ್ಕಳೆಲ್ಲ ಒಂದೇ ಬಕೆಟ್ಟಿಗೆ ಕೈ ಅದ್ದುವುದಕ್ಕೆ ಬದಲಾಗಿ ಒಬ್ಬರು ಚೊಂಬಿನಿಂದ ನೀರು ಸುರಿದು ಇತರರು ಸೋಪಿನಿಂದ ತೊಳೆದುಕೊಂಡರೆ ಕಡಿಮೆ ನೀರೇ ಸಾಕಾಗುತ್ತದೆ. ಈ ಬೇನೆಗೆ ಸಾಮಾನ್ಯ ಕಾರಣವಾದ ಅಡೆನೊವೈರಸ್ ಒಣ ವಸ್ತುಗಳ ಮೇಲೂ ದಿನಗಟ್ಟಲೆ ಉಳಿಯುತ್ತದೆ ಮತ್ತು ಸ್ಯಾನಿಟೈಸರಿಗೆ ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ ಸೋಪು, ನೀರುಗಳೇ ಹೆಚ್ಚು ನಂಬತಕ್ಕವು.

ವೈರಾಣುವಿನ ಬೇನೆ ಒಂದೆರಡು ವಾರಗಳಲ್ಲಿ ತಾನಾಗಿ ಶಮನವಾಗುವುದರಿಂದ ಅದಕ್ಕೆ ಆ್ಯಂಟಿಬಯೋಟಿಕ್ ಬೇಕಿಲ್ಲ. ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ತರುವ ಸ್ಟೆರಾಯ್ಡ್ ಹನಿಗಳು ಕೆಂಪನ್ನು ಬೇಗ ಇಳಿಸಿದರೂ ಕೆಲವು ಸೋಂಕುಗಳನ್ನು ಕೆರಳಿಸಿ ದೃಷ್ಟಿಗೇ ಕುತ್ತು ತರಬಲ್ಲವು; ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸಗಳನ್ನೂ ಕಣ್ಣಿಗೆ ಹಾಕಬಾರದು.

ತೀವ್ರ ನೋವು, ಬೆಳಕನ್ನು ನೋಡಲಾಗದಿರುವುದು, ಮಸುಕಾದ ದೃಷ್ಟಿ, ಜ್ವರದೊಡನೆ ರೆಪ್ಪೆಯ ಊತ ಕಂಡರೆ ಕಾಯದೆ ತಾಲ್ಲೂಕು ಆಸ್ಪತ್ರೆಗೆ ಅಥವಾ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯಲ್ಲಿ ಹಸುಗೂಸಿದ್ದು, ಅದರ ಕಣ್ಣಲ್ಲೂ ಗೀಜು ಕಾಣಿಸಿಕೊಂಡರೆ, ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು.