ಚಳಿಗಾಲದ ಭೇದಿ: ಒಣಗಾಳಿ, ಧೂಳು ಮತ್ತು ರೋಟಾ ವೈರಸ್

ವಾಂತಿ-ಭೇದಿ ಅಂದ್ರೆ ಮಳೆಗಾಲದ ಕಾಯಿಲೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಮಳೆ ನಿಂತ ಮೇಲೆ ನೀರು ಕುದಿಸೋದನ್ನೂ ಕೈ ತೊಳೆಯೋದನ್ನೂ ಮರೆತುಬಿಡ್ತೀವಿ. ಆದರೆ ಪುಟ್ಟ ಮಕ್ಕಳಿಗೆ ತೀವ್ರ ಭೇದಿ ತರುವ ರೋಟಾ ವೈರಸ್ ನಮ್ಮ ದೇಶದಲ್ಲಿ ಹೆಚ್ಚು ಕಾಣಿಸೋದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ಅಂದ್ರೆ ಸುಗ್ಗಿಯ ಕಾಲ. ಮನೆಮಂದಿಯೆಲ್ಲ ಹೊಲದಲ್ಲಿ, ಕಣದ ತುಂಬ ಧೂಳು, ಮಗು ಅಲ್ಲೇ ನೆಲದ ಮೇಲೆ.

ಹವಾಮಾನಕ್ಕೂ ವೈರಸ್‌ಗೂ ಏನು ಸಂಬಂಧ?

ರೋಟಾ ಹರಡೋದು ಮಲದಿಂದ ಬಾಯಿಗೆ. ರೋಗ ಬಂದ ಮಗುವಿನ ಒಂದು ಗ್ರಾಂ ಮಲದಲ್ಲಿ ನೂರು ಕೋಟಿಗೂ ಹೆಚ್ಚು ವೈರಸ್ ಇರಬಹುದು. ಇನ್ನೊಂದು ಮಗುವಿಗೆ ತಗಲೋಕೆ ನೂರರಷ್ಟಿದ್ದರೂ ಸಾಕು. ಹವೆ ತಂಪಾಗಿ, ತೇವಾಂಶ ಕಡಿಮೆ ಇದ್ದಾಗ ಬಾಗಿಲ ಚಿಲಕ, ಆಟಿಕೆ, ಪಾತ್ರೆ, ನೆಲದ ಮೇಲೆ ಈ ವೈರಸ್ ಹೆಚ್ಚು ದಿನ ಬದುಕುತ್ತೆ. ನಮ್ಮ ಮೊಬೈಲ್ ಕೂಡ ಇದಕ್ಕೆ ಹೊರತಲ್ಲ. ಮಗು ಅಳುತ್ತೆ ಅಂತ ಫೋನ್ ಕೊಡ್ತೀವಿ, ಅದು ಸೀದಾ ಬಾಯಿಗೆ ಹೋಗುತ್ತೆ.

ಧೂಳು, ಹೊಗೆಯ ಪಾತ್ರ

ಚೀನಾದ ನಗರಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಗಾಳಿಯಲ್ಲಿ ಸೂಕ್ಷ್ಮ ಧೂಳು ಹೆಚ್ಚಿದಾಗ ರೋಟಾ ಪ್ರಕರಣಗಳೂ ಹೆಚ್ಚಿದ್ದು ಕಂಡಿದೆ. ಹಾಗಂತ ಧೂಳೇ ಭೇದಿಗೆ ಕಾರಣ ಅನ್ನೋಕಾಗಲ್ಲ. ಚಳಿಗಾಲದಲ್ಲಿ ಧೂಳೂ ಹೆಚ್ಚು, ವೈರಸ್ಸೂ ಹೆಚ್ಚು. ಎರಡೂ ಒಟ್ಟಿಗೆ ಬರೋದ್ರಿಂದ ಹಾಗೆ ಕಾಣಲೂಬಹುದು. ಆದರೆ ಕಬ್ಬಿನ ರವದಿ, ಹುಲ್ಲು ಸುಟ್ಟ ಹೊಗೆ ಮಗುವಿನ ಶ್ವಾಸಕೋಶಕ್ಕೆ ಕೆಟ್ಟದ್ದು ಅನ್ನೋದರಲ್ಲಿ ಅನುಮಾನವೇ ಇಲ್ಲ. ರವದಿ ಸುಡಬೇಡಿ, ಸಾಲಿಗೆ ಹೊದಿಸಿ. ಮಣ್ಣಿಗೂ ಲಾಭ.

ಕರುಗಳಿಗೂ ಬರುತ್ತೆ

ಹುಟ್ಟಿದ ಮೊದಲ ಮೂರು ವಾರಗಳಲ್ಲಿ ಕರು ಭೇದಿ ಮಾಡಿಕೊಂಡರೆ ಅದಕ್ಕೂ ರೋಟಾ ಒಂದು ಮುಖ್ಯ ಕಾರಣ. ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ಮೊದಲ ದಿನ ಕರುವಿನ ತೂಕದ ಶೇ. 10ರಷ್ಟು ಬೇಕು, ಅಂದ್ರೆ 25 ಕೆ.ಜಿ. ಕರುವಿಗೆ ಎರಡೂವರೆ ಲೀಟರ್. ಭೇದಿಯಾದ ಕರುವನ್ನು ಬೇರೆ ಕಟ್ಟಿ, ಪಶುವೈದ್ಯರನ್ನು ಕರೆಸಿ. ಕರುವಿನ ವೈರಸ್ ಸಾಮಾನ್ಯವಾಗಿ ಬೇರೆ ತಳಿಯದು, ಆದರೆ ಮನುಷ್ಯರಿಗೆ ದಾಟಿದ ಉದಾಹರಣೆಗಳೂ ಇವೆ. ಕೊಟ್ಟಿಗೆಯಿಂದ ಬಂದವರು ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬಾರದು.

ಈಗಲೇ ಮಾಡಬೇಕಾದ್ದು

1. ಲಸಿಕೆ: ರೋಟಾ ಲಸಿಕೆಯನ್ನು ಬಾಯಿಗೆ ಹಾಕ್ತಾರೆ. 6, 10 ಮತ್ತು 14ನೇ ವಾರಕ್ಕೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ, 2019ರ ಹೊತ್ತಿಗೆ ದೇಶದೆಲ್ಲೆಡೆ ಬಂತು. ಮೂರು ದಿನಾಂಕವನ್ನೂ ಫೋನ್‌ನಲ್ಲಿ ರಿಮೈಂಡರ್ ಇಡಿ.

2. ಸೋಪು: ಶೌಚದ ನಂತರ, ಮಗುವಿನ ಮಲ ತೆಗೆದ ಮೇಲೆ, ಊಟ ಕೊಡುವ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಬರೀ ನೀರು ಸಾಲದು.

3. ಓಆರ್‌ಎಸ್: ದೊಡ್ಡ ಪೊಟ್ಟಣ ಒಂದಕ್ಕೆ ಒಂದು ಲೀಟರ್ ಶುದ್ಧ ನೀರು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಚಮಚದಲ್ಲಿ ನಿಧಾನವಾಗಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ. ಎದೆಹಾಲು ನಿಲ್ಲಿಸಬೇಡಿ. ಜಿಂಕ್ ಮಾತ್ರೆ 14 ದಿನ, ಎಷ್ಟು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

4. ಮಾಡಬಾರದ್ದು: ವೈರಸ್‌ಗೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ. ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ಮಗುವಿಗೆ ಕೊಡಲೇಬೇಡಿ.

ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾಗಿ ಕುಡಿಯೋಕೂ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಮಗು ಕುಡಿಯುವಷ್ಟು ಓಆರ್‌ಎಸ್ ಕೊಡ್ತಾ ಇರಿ. ರಾಶಿ ಕೆಲಸ ಒಂದು ದಿನ ತಡವಾದರೆ ನಡೆಯುತ್ತೆ, ಪುಟ್ಟ ಮೈಯಿಂದ ನೀರು ಖಾಲಿಯಾಗೋಕೆ ಒಂದು ದಿನವೂ ಬೇಡ.